ಮೂವರು ಫುಕಟ್ ಕಾವಲುಗಾರರು

ಫುಕಟ್ ಸಿಕ್ಕಿದ್ದನ್ನು ನಾನು ಮೂಸಿ ನೋಡದೆ ಒಳಗೆ ತಂದುಕೊಂಡವಳಲ್ಲ. ಬರದ ವರ್ಷ ಪುಕ್ಕಟೆ ಹಂಚಿದ ಜೋಳವನ್ನೂ ಮೂಸಿಯೇ ಚೀಲಕ್ಕೆ ಹಾಕಿಸಿಕೊಂಡಿದ್ದೇನೆ. ಹುಳದ ವಾಸನೆ ಬಂದರೆ ಅಲ್ಲೇ ತಿರುಗಿ ಸುರಿದು, ಬೈಸಿಕೊಂಡು, ಬರಿ ಚೀಲ ಝಾಡಿಸಿಕೊಂಡು ಬಂದಿದ್ದೇನೆ. ಕಂಪ್ಯೂಟರಿನೊಳಗೆ ಬರುವುದಕ್ಕೆ ಮಾತ್ರ ವಾಸನೆ ಇರುವುದಿಲ್ಲ. ನಮ್ಮ ಮನೆಯಲ್ಲಿ ಇಷ್ಟೆಲ್ಲ ಆದದ್ದು ಅದರಿಂದಲೇ.

ಕಂಪ್ಯೂಟರ್ ನನ್ನದಲ್ಲ, ಸೊಸೆಯದು. ನಾನು ಓದಿದ್ದು ನಾಲ್ಕನೆಯ ತರಗತಿ. ಮಿಷನ್ ಬೋರ್ಡಿಂಗಿನ ಅಡುಗೆಮನೆಯಲ್ಲಿ ಮಕ್ಕಳಿಗೆ ರೊಟ್ಟಿ ಬಡಿದು ಬಡಿದು ಬೆರಳು ದಪ್ಪಗಾದವಳು. ಈ ಬೆರಳಿನಿಂದ ಆ ಸಣ್ಣ ಗುಂಡಿ ಒತ್ತುವುದು ಆಗದು, ಒತ್ತಬೇಕೆಂಬ ಆಸೆಯೂ ಇಲ್ಲ. ಆದರೆ ಒಂದು ವಸ್ತು ವರ್ಷಗಟ್ಟಲೆ ನಡುಮನೆಯಲ್ಲಿ ಕೂತಿದ್ದರೆ ಅದರ ಗುಣ ಅವಗುಣ ತಿಳಿಯದೆ ಇರುತ್ತದೆಯೇ? ಎಮ್ಮೆ ಹಿಂಡಲು ಬಾರದವಳಿಗೂ ಎಮ್ಮೆಗೆ ಜ್ವರ ಬಂದದ್ದು ಗೊತ್ತಾಗುತ್ತದೆ.

ಬೀದರಿನಲ್ಲಿ ಒಂದು ಕಂಪ್ಯೂಟರ್ ಕ್ಲಾಸು ಮುಚ್ಚುವಾಗ ಮಗ ಅದನ್ನು ಹಳೆಯ ಸಾಮಾನಾಗಿ ತಂದಿದ್ದ. ಹಿಂದೆ ಬೆನ್ನು ಉಬ್ಬಿದ ಪರದೆ, ಕೆಳಗೆ ಗುರ್‍ರ್ ಅನ್ನುವ ಡಬ್ಬಿ. ಭಾಲ್ಕಿಯ ನಮ್ಮ ಮನೆಯಲ್ಲಿ ಅದಕ್ಕೆ ಧೂಳು ಕೂರದಂತೆ ನನ್ನ ಹಳೆಯ ದುಪ್ಪಟಿ ಹೊಚ್ಚುತ್ತಿದ್ದೆವು. ಸೊಸೆ ಮದುವೆಗೆ ಮುಂಚೆ ಕನ್ನಡ ಟೈಪಿಂಗ್ ಕಲಿತಿದ್ದಳು. ಮೊದಮೊದಲು ನಮ್ಮ ಚರ್ಚಿನ ಹಾಡಿನ ಹಾಳೆ, ಯಾರದೋ ಮದುವೆಯ ಪತ್ರಿಕೆ, ಹೀಗೆ ಅಷ್ಟಿಷ್ಟು ಮಾಡುತ್ತಿದ್ದಳು. ಮಳೆ ಹೋದ ವರ್ಷಗಳಲ್ಲಿ ಮದುವೆಗಳೂ ಕಡಿಮೆಯಾದವು. ಆದರೆ ಕೆಲಸ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಯಾಕೆಂದರೆ ಊರು ಬಿಡುವವರಿಗೆಲ್ಲ ಬಯೋಡಾಟಾ ಬೇಕಾಗಿತ್ತು.

ಭಾಲ್ಕಿ, ಔರಾದ ಕಡೆಯ ಹಳ್ಳಿಗಳಿಂದ ಜನ ಪುಣೆಗೆ, ಹೈದರಾಬಾದಿಗೆ ಹೊರಟಿದ್ದರು. ಮೊದಲು ಇಟ್ಟಿಗೆ ಹೊರುವುದಕ್ಕೆ, ಕಬ್ಬು ಕಡಿಯುವುದಕ್ಕೆ ಹೋಗುವವರಿಗೆ ಯಾವ ಕಾಗದವೂ ಬೇಕಿರಲಿಲ್ಲ. ಈಗ ಗೇಟು ಕಾಯುವ ಕೆಲಸಕ್ಕೂ ಒಂದು ಹಾಳೆ ಕೇಳುತ್ತಿದ್ದರು. ಡಾಬಕಾ ಹಳ್ಳಿಯಿಂದ ಒಬ್ಬ ವಯಸ್ಸಾದ ಮನುಷ್ಯ ಬಂದು ನಮ್ಮ ಕಟ್ಟೆಯ ಮೇಲೆ ಕೂತದ್ದು ನೆನಪಿದೆ. ಸೊಸೆ ಕೇಳಿದಳು:

"ಕಾಕಾ, ಹಾಬಿ ಏನಂತ ಬರೀಲಿರಿ?"

"ಹಾಬಿ ಅಂದ್ರ?"

"ಕೆಲಸ ಇಲ್ಲದಾಗ ಏನ್ ಮಾಡ್ತೀರಿ?"

"ಮಳಿ ದಾರಿ ನೋಡ್ತೇನಿ."

"ಅದನ್ನ ಬರೀಲಾಕ ಬರಂಗಿಲ್ರಿ ಕಾಕಾ."

"ಮತ್ತ ನೀನೇ ಏನರ ಒಂದು ಹಾಕವಾ. ನನಗ ಇಷ್ಟ ವರ್ಷ ಅದೊಂದೇ ಹಾಬಿ."

ನಾನು ಒಳಗಿನಿಂದ, "ಪುಸ್ತಕ ಓದೋದು ಅಂತ ಹಾಕು, ಎಲ್ಲಾರೂ ಅದನ್ನೇ ಹಾಕ್ಸ್ಯಾರ," ಅಂದೆ. ಹಾಗೇ ಹಾಕಿದಳು. ಅವನಿಗೆ ಕೆಲಸ ಸಿಕ್ಕಿತು ಅಂತ ಆಮೇಲೆ ತಿಳಿಯಿತು.

ಊರು ಬಿಡುವವರ ಕಾಗದ ಬರೆದು ನಾವು ಊರಲ್ಲಿ ಉಳಿದಿದ್ದೆವು. ಇದು ಸರಿಯೋ ತಪ್ಪೋ ಎಂದು ನಾನು ಯೋಚಿಸಿದ್ದುಂಟು. ಹೊಟ್ಟೆಗೆ ಅದರ ಉತ್ತರ ಬೇಕಿರಲಿಲ್ಲ.

ಮೆಹಕರದಲ್ಲಿದ್ದ ನಮ್ಮ ಹೊಲದಲ್ಲಿ ಆ ವರ್ಷವೂ ತೊಗರಿ ಮೊಳಕಾಲಿನಷ್ಟು ಎದ್ದು ಒಣಗಿತು. ಮಗ ಹೊಲದಿಂದ ಬಂದು ಚಪ್ಪಲಿ ಬಿಡುತ್ತಲೇ ಹೇಳಿದ: "ದಸರಾ ತನಕ ನೋಡ್ತೇನಿ. ಆಮ್ಯಾಲ ಎಲ್ಲಾರೂ ಪುಣೆಕ ಹೋಗೋಣು. ಭಾವ ಜಾಗಾ ನೋಡಿ ಇಟ್ಟಾನ."

ಭಾವ ಎಂದರೆ ನನ್ನ ಅಳಿಯ. ಮಗಳನ್ನು ಕಟ್ಟಿಕೊಂಡು ಪುಣೆಯಲ್ಲಿದ್ದ. ದೊಡ್ಡ ಕಂಪನಿಯೊಂದರ ಗೇಟಿನಲ್ಲಿ ಚೌಕೀದಾರಿಕೆ. ಮಗನಿಗೆ ಅದೇ ಗೇಟು, ಸೊಸೆಗೆ ಅದೇ ಕಂಪನಿಯಲ್ಲಿ ನೆಲ ಒರೆಸುವ ಕೆಲಸ, ಮೊಮ್ಮಗಳನ್ನು ಹಿಡಿದುಕೊಂಡು ಖೋಲಿಯಲ್ಲಿ ಕೂರಲು ನಾನು. ಎಲ್ಲ ಅವನೇ ಲೆಕ್ಕ ಹಾಕಿ ಇಟ್ಟಿದ್ದ. ಅವನ ಮನಸ್ಸು ಕೆಟ್ಟದ್ದಲ್ಲ. ತಾನು ಹೋದ ದಾರಿಯಲ್ಲಿ ನಾಲ್ಕು ಜನ ತನ್ನವರು ಬಂದರೆ ಮನುಷ್ಯನಿಗೆ ಧೈರ್ಯ.

ಸೊಸೆಗೆ ಮಾತ್ರ ಹೋಗುವ ಮನಸ್ಸಿರಲಿಲ್ಲ. ನೆಲ ಒರೆಸುವುದು ಕೀಳು ಅಂತಲ್ಲ. ಅವಳ ಅವ್ವನೂ ನಾನೂ ಅದನ್ನೇ ಮಾಡಿದ್ದೇವೆ. ಆದರೆ ಅವಳ ಕೈಯಲ್ಲಿ ಒಂದು ವಿದ್ಯೆ ಇತ್ತು, ಅದು ಅಲ್ಲಿ ಹೋದರೆ ಮುಗಿಯುತ್ತಿತ್ತು. ಅದೇ ಹೊತ್ತಿಗೆ ಊರಿನ ಒಂದು ಖಾಸಗಿ ಶಾಲೆಯ ದೊಡ್ಡ ಬಾಯಿ (ನಮ್ಮ ಕಡೆ ಮೇಡಂಗೆ ಬಾಯಿ ಅನ್ನುತ್ತೇವೆ) ಅವಳನ್ನು ಕರೆದು, ಅರ್ಧವರ್ಷದ ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನೆಲ್ಲ ಟೈಪ್ ಮಾಡಿಕೊಡಲು ಹೇಳಿದ್ದರು. ಹೊತ್ತಿಗೆ ಸರಿಯಾಗಿ ಮಾಡಿದರೆ ವಾರ್ಷಿಕ ಪರೀಕ್ಷೆಯದೂ ಅವಳಿಗೇ, ಬೇರೆ ಶಾಲೆಯವರಿಗೂ ಹೇಳುತ್ತೇನೆ ಎಂದಿದ್ದರಂತೆ. ಸೊಸೆ ಗಂಡನಿಗೆ ಒಂದೇ ಮಾತು ಹೇಳಿದಳು: "ಈ ಪೇಪರ್ ಮುಗೀಲಿರಿ. ಮುಗೀದಿದ್ರ ನೀವು ಹೇಳಿದ ಕಡಿ ಗಂಟು ಕಟ್ತೇನಿ, ಬಾಯಿ ತಗಿಯಂಗಿಲ್ಲ."

ಹೀಗೆ ಮಾತು ಕೊಟ್ಟ ಮೇಲೆಯೇ ಡಬ್ಬಿಗೆ ಜಡ್ಡು ಹತ್ತಿದ್ದು.

ಒಂದು ಮುಂಜಾನೆ ಅವಳು ಕಂಪ್ಯೂಟರ್ ಹಚ್ಚಿದರೆ ಪರದೆಯ ಮೇಲಿನ ಪ್ರತಿಯೊಂದು ಕಡತಕ್ಕೂ ಮೂಲೆಯಲ್ಲಿ ಒಂದು ಸಣ್ಣ ಬಾಣ ಮೂಡಿತ್ತು. ಒತ್ತಿದರೆ ತೆರೆಯಲೊಲ್ಲದು. ಹೆಸರುಗಳೆಲ್ಲ ಹಾಗೇ ಇವೆ, ಒಳಗೆ ಹೋಗುವ ದಾರಿ ಇಲ್ಲ. ಬರೆದಿಟ್ಟ ಏಳನೆಯ ತರಗತಿಯ ಸಮಾಜ ವಿಜ್ಞಾನ ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು. ಅವಳು ಅಳುವವಳಲ್ಲ. ಫೋನು ಹುಡುಕಿ ತೆಗೆದಳು.

ಜಡ್ಡು ಬಂದದ್ದು ಎಲ್ಲಿಂದ ಎಂದು ಹುಡುಕುವುದು ಕಷ್ಟವಿರಲಿಲ್ಲ. ಪುಣೆ, ಹೈದರಾಬಾದಿನಿಂದ ಊರಿಗೆ ಬಂದವರೆಲ್ಲ ಕೊರಳಿಗೋ ಕೀಲಿಕೈ ಗೊಂಚಲಿಗೋ ಒಂದು ಪೆನ್‌ಡ್ರೈವ್ ಕಟ್ಟಿಕೊಂಡು ಬರುತ್ತಿದ್ದರು. ಅಲ್ಲಿ ತೆಗೆಸಿಕೊಂಡ ಫೋಟೋ, ಹಾಡು, ಮೊದಲು ಬರೆಸಿದ ಬಯೋಡಾಟಾ, ಎಲ್ಲ ಅದರಲ್ಲೇ. ನಮ್ಮ ಮನೆಗೆ ಬಂದು, "ಬಾಯಿ, ಇದರಾಗ ನೋಡ್ರಿ" ಎಂದು ಕೊಡುವರು. ಇವಳು ಇಸಿದುಕೊಂಡು ನೇರ ಡಬ್ಬಿಗೆ ಚುಚ್ಚುವಳು. ಎಷ್ಟು ಊರಿನ ಎಷ್ಟು ಯಂತ್ರಗಳಲ್ಲಿ ಬಾಯಿ ಹಾಕಿ ಬಂದದ್ದೋ ಅದು.

ಇವಳಿಗೆ ಟೈಪಿಂಗ್ ಕಲಿಸಿದ್ದ ಬಾಯಿ ಫೋನಿನಲ್ಲೇ ಹಾಗೆ ಮಾಡು ಹೀಗೆ ಮಾಡು ಎಂದು ಹೇಳಿ, ಅಡಗಿದ್ದ ಕಡತಗಳು ಮತ್ತೆ ಕಾಣುವಂತೆ ಮಾಡಿದರು. ಸಮಾಜ ವಿಜ್ಞಾನ ಎಲ್ಲಿಯೂ ಹೋಗಿರಲಿಲ್ಲ, ಅಲ್ಲೇ ಕತ್ತಲಲ್ಲಿ ಕೂತಿತ್ತು. ಆದರೆ ಮರುದಿನ ಇನ್ನೊಬ್ಬನ ಪೆನ್‌ಡ್ರೈವ್ ಬಂತು, ಬಾಣಗಳೂ ಬಂದವು. "ಆಂಟಿವೈರಸ್ ಹಾಕ್ಸವಾ," ಎಂದರು ಆ ಬಾಯಿ. ರೊಕ್ಕ ಕೊಟ್ಟು ಹಾಕಿಸುವ ಮಾತು ನಮ್ಮ ಮನೆಯಲ್ಲಿ ಆಗ ಏಳುವಂತಿರಲಿಲ್ಲ. ಫುಕಟ್‌ದು ಬೇಕು.

ಫುಕಟ್‌ದು ಬೇಕು ಅಂದದ್ದೇ ತಡ, ನಾಲ್ಕೂ ಕಡೆಯಿಂದ ಬಂತು.

ಮೊದಲು ತಂದವನು ಅಳಿಯ. ಸಾಗುವಳಿ ಮಾಡುವವನು ಬಿಟ್ಟು ಹೋದ ತನ್ನ ಹೊಲದ ಸಲುವಾಗಿ ಊರಿಗೆ ಬಂದಿದ್ದ. ಕಂಪನಿಯ ಒಳಗೆ ಕೆಲಸ ಮಾಡುವ ಹುಡುಗರ ಕೈಕಾಲು ಹಿಡಿದು ಒಂದು ಆಂಟಿವೈರಸ್ ಪೆನ್‌ಡ್ರೈವಿಗೆ ಹಾಕಿಸಿಕೊಂಡು ತಂದಿದ್ದ. "ಅತ್ತಿ, ಇದು ಭಾರಿ ರೊಕ್ಕದ ಮಾಲು. ಕೀಲಿ ಮುರದು ತಂದೀವಿ, ನಮಗ ಫುಕಟ್," ಎಂದು ಎದೆ ಉಬ್ಬಿಸಿದ. ತನ್ನ ಕೈಯಾರೆ ಹಾಕಿಕೊಟ್ಟು ಹೋದ.

ವಾರದೊಳಗೆ ಔರಾದ ಕಡೆಯ ಎಕಂಬಾದಿಂದ ಬೀಗರು ಬಂದರು, ಸೊಸೆಯ ಅಪ್ಪ. ಪ್ರಾಥಮಿಕ ಶಾಲೆಯ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಬಿಳಿ ಟೋಪಿ ತೆಗೆದು ಮೊಳಕಾಲಿನ ಮೇಲಿಟ್ಟುಕೊಂಡು, ಜೋಳಿಗೆಯಿಂದ ಒಂದು ಸಿಡಿ ತೆಗೆದರು. ಯಾವುದೋ ಪುಸ್ತಕದ ಜೊತೆ ಫುಕಟ್ ಬಂದದ್ದಂತೆ. ಮಗಳಿಗೆ ಕಷ್ಟ ಎಂದು ಕೇಳಿ ಬಸ್ಸು ಬದಲಿಸಿ ಬದಲಿಸಿ ತಂದಿದ್ದರು.

ನಮ್ಮ ಕಡೆ ಒಂದು ಮಾತಿದೆ: ದೂರದಿಂದ ಬಂದವರು ಕೈಯಲ್ಲಿ ತಂದದ್ದನ್ನು ಬೇಡ ಅನ್ನಬಾರದು. ಊರು ಬಿಟ್ಟವರು ತರುವ ವಸ್ತುವಿಗಂತೂ ಇನ್ನೂ ಜಾಸ್ತಿ. ಸೋಪಿನ ತುಂಡು ತಂದರೂ ಇಸಿದುಕೊಳ್ಳಬೇಕು. ಬೇಡ ಎಂದರೆ ನೀನು ಹೋದದ್ದೇ ವ್ಯರ್ಥ ಅಂದ ಹಾಗೆ. ಅದರಲ್ಲೂ ಒಬ್ಬ ಅಳಿಯ, ಇನ್ನೊಬ್ಬರು ಬೀಗರು. ಒಬ್ಬರದ್ದು ಹಾಕಿ ಒಬ್ಬರದ್ದು ಬಿಟ್ಟರೆ ಮುಂದಿನ ಮದುವೆಯ ಚಪ್ಪರದಲ್ಲಿ ಅದರ ಮಾತು ಎದ್ದೇ ಏಳುತ್ತದೆ. ಅಳಿಯನದು ಮೊದಲೇ ಒಳಗಿತ್ತು. ಬೀಗರದನ್ನೂ ಹಾಕಿದೆವು. ಕಂಪ್ಯೂಟರ್ ಕೊಂಡಾಗಲೇ ಅದರೊಳಗೆ ಒಂದು ಹಳೆಯದು ಫುಕಟ್ ಇತ್ತಂತೆ, ಅದನ್ನು ಯಾರೂ ಕೇಳಲೂ ಇಲ್ಲ, ತೆಗೆಯಲೂ ಇಲ್ಲ. ಮಗ ಹೇಳಿದ: "ಛಲೋನೇ ಆತಲ್ಲ. ಒಂದು ಬಿಟ್ಟದ್ದು ಇನ್ನೊಂದು ಹಿಡೀತದ." ಕೇಳಿದವರಿಗೆಲ್ಲ ಸರಿಯೆನಿಸಿತು. ಒಂದು ನಾಯಿಗಿಂತ ಮೂರು ನಾಯಿ ಮೇಲು ಎಂದು ಯಾರಾದರೂ ಅಂದುಕೊಳ್ಳುತ್ತಾರೆ.

ಆಮೇಲೆ ಕಂಪ್ಯೂಟರ್ ಹಚ್ಚಿ ನಾನು ಹಿಟ್ಟು ನಾದಿ, ರೊಟ್ಟಿ ಬಡಿದು, ಪುಂಡಿಪಲ್ಯೆ ಒಲೆಯಿಂದ ಇಳಿಸಿದರೂ ಪರದೆ ಇನ್ನೂ ಕಣ್ಣು ಬಿಟ್ಟಿರುತ್ತಿರಲಿಲ್ಲ. ಡಬ್ಬಿ ಏದುಸಿರು ಬಿಡುತ್ತಿತ್ತು. ಅಳಿಯನದು ಬೀಗರದನ್ನು ಕಳ್ಳ ಅನ್ನುವುದು, ಬೀಗರದು ಅಳಿಯನದನ್ನು ಹಿಡಿದೆ ಎಂದು ಕೆಂಪು ಪಟ್ಟಿ ತೋರಿಸುವುದು. ಸೊಸೆ ಓದಿ ಹೇಳುವಾಗ ನನಗೆ ನಗು ಬರುತ್ತಿತ್ತು. ಹೊರಗೆ ಆ ಇಬ್ಬರೂ ಒಬ್ಬರಿಗೊಬ್ಬರು ಕೈ ಮುಗಿಯುವವರು, ಒಳಗೆ ಅವರು ತಂದದ್ದು ಕುಸ್ತಿ ಹಿಡಿದಿತ್ತು.

ನಗು ನಿಂತದ್ದು ಒಂದು ಮಧ್ಯಾಹ್ನ. ಸೊಸೆ ಟೈಪ್ ಮಾಡುತ್ತಿದ್ದಂತೆ ಕನ್ನಡ ಬರುವುದು ನಿಂತುಹೋಯಿತು. ಅವಳು ಕನ್ನಡದ ಗುಂಡಿ ಒತ್ತಿದರೆ ಪರದೆಯ ಮೇಲೆ ಬರಿ ಇಂಗ್ಲಿಷ್ ಅಕ್ಷರ. ಕನ್ನಡ ಬರೆಯುವ ಪ್ರೋಗ್ರಾಮು ಅಂತ ಒಂದು ಬೇರೆ ಇರುತ್ತದೆ. ಗುಂಡಿ ಒತ್ತಿದ್ದನ್ನು ನೋಡಿ ಅದು ಕನ್ನಡ ಮಾಡಿಕೊಡುತ್ತದೆ. ಅಳಿಯನ ಆಂಟಿವೈರಸ್ಸು, ಯಾರೋ ಗುಂಡಿ ಒತ್ತುವುದನ್ನು ಕದ್ದು ನೋಡುತ್ತಿದ್ದಾರೆ ಎಂದು ಅದನ್ನೇ ಹಿಡಿದು ಒಳಗೆ ಕೂಡಿಹಾಕಿತ್ತು. ಕಳ್ಳರೆಲ್ಲ ಪೆನ್‌ಡ್ರೈವ್ ಹತ್ತಿ ಆರಾಮಾಗಿ ಓಡಾಡುತ್ತಿದ್ದರು, ಜೈಲಿಗೆ ಹೋದದ್ದು ಮನೆಯ ಮಗಳು.

ಶಾಲೆಯವರು ಹೇಳಿದ ದಿನ ಹತ್ತಿರ ಬಂದಿತ್ತು. ಮಗ ಅಟ್ಟದ ಮೇಲಿನ ಟ್ರಂಕು ಇಳಿಸಿ, ಒಳಗಿನ ಧೂಳು ಒರೆಸಿ, ಬಾಗಿಲ ಹತ್ತಿರ ಇಟ್ಟ. ಅದೇ ಅವನ ಮಾತು.

ಮರುದಿನ ಸೊಸೆಯೂ ನಾನೂ ಡಬ್ಬಿಯನ್ನು ದುಪ್ಪಟಿಯಲ್ಲಿ ಕಟ್ಟಿಕೊಂಡು ಬೀದರಿನ ಬಸ್ಸು ಹತ್ತಿದೆವು. ನನ್ನ ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡಿದ್ದೆ. ಪಕ್ಕದ ಹೆಂಗಸು ಗಂಟು ಮುಟ್ಟಿ ನೋಡಿ, "ಏನ್ರಿ ಆಯಿ ಇದು?" ಎಂದಳು. "ಜಡ್ಡಿನ ಕೂಸು. ದವಾಖಾನಿಗಿ ಒಯ್ಯಲತೇವಿ," ಅಂದೆ. ಅವಳು ಸರಿದು ಕೂತಳು. ಜಾಗ ಆಯಿತು.

ಚೌಬಾರಾ ಗೋಪುರದ ಹಿಂದಿನ ಓಣಿಯಲ್ಲಿ ಒಂದು ಸಣ್ಣ ಅಂಗಡಿ. ಅಂಗಡಿಯವನು ಮುಸಲ್ಮಾನ, ಗಡ್ಡ ಬೆಳ್ಳಗಾಗುತ್ತಿದ್ದ ವಯಸ್ಸು, ಬಾಯಲ್ಲಿ ಪಾನು. ಡಬ್ಬಿ ಹಚ್ಚಿ ನೋಡಿದವನೇ ಹಣೆ ಬಡಿದುಕೊಂಡ.

"ಅಲ್ರೀ ಅಮ್ಮಾ, ಒಂದ ಬಾಗಲಕ ಮೂರು ಚೌಕೀದಾರ್ರನ್ನ ನಿಲ್ಲಸೀರಲ್ಲ. ಕಳ್ಳನ್ನ ಹಿಡೀತಾರೇನ್ರಿ ಅವ್ರು? ಒಬ್ಬನ ಕಾಲರ್ ಒಬ್ಬ ಹಿಡೀತಾನ."

"ನಿಲ್ಲಸಿದವ್ರು ನಾವಲ್ಲ. ಒಬ್ಬ ಅಳಿಯನ ಕಡೆದವ, ಒಬ್ಬ ಬೀಗರ ಕಡೆದವ," ಎಂದೆ.

ಅವನು ನಕ್ಕ ನಗೆಗೆ ಪಾನಿನ ರಸ ಅಂಗಿಯ ಮೇಲೆ ಬಿತ್ತು. "ಇದು ಮಶೀನಿನ ಬೀಮಾರಿ ಅಲ್ಲ ಅಮ್ಮಾ, ರಿಶ್ತೇದಾರಿಯ ಬೀಮಾರಿ, ನೆಂಟಸ್ತನದ ಜಡ್ಡು."

ನಾನು ನಗಲಿಲ್ಲ. ನನಗೆ ಒಂದು ಮಾತು ತಿಳಿಯಬೇಕಿತ್ತು, ಅದನ್ನು ಕೇಳಿದೆ: "ಫುಕಟ್ ಕೊಡ್ತಾರಲ್ಲ, ಅವ್ರ ಹೊಟ್ಟಿ ಹ್ಯಾಂಗ ತುಂಬ್ತದ? ಫುಕಟ್ ಕಾವಲು ನಿಲ್ಲೋವ ಯಾವ ಊರಾಗ ಅದಾನ?"

ಅವನು ಕೈ ಒರೆಸಿಕೊಂಡು, ಸೊಸೆಯ ಕಡೆಗೂ ನನ್ನ ಕಡೆಗೂ ನೋಡುತ್ತ ಹೇಳಿದ. ಬೀಗರು ತಂದದ್ದು ಒಂದು ತಿಂಗಳ ಮಟ್ಟಿಗೆ ಮಾತ್ರ ಫುಕಟ್. ಆಮೇಲೆ ಕೆಲಸ ನಿಲ್ಲಿಸಿ ರೊಕ್ಕ ಕೊಡಿ ಎಂದು ಬಾಗಿಲಲ್ಲೇ ಕೂತು ಕಿರುಚುತ್ತದೆ. ಅಳಿಯ ತಂದದ್ದು ಫುಕಟ್ ಅಲ್ಲವೇ ಅಲ್ಲ, ಕಳವಿನ ಮಾಲು. "ಕೀಲಿ ಮುರಿದೋನು ಯಾರೋ ಏನೋ. ಮುರಿವಾಗ ತಾ ಬರಲಾಕ ಒಂದು ಕಿಂಡಿ ಇಟ್ಕೊಂಡಿರ್ತಾನಿಲ್ರಿ? ಕಳ್ಳ ಮುರಿದ ಕೀಲಿ ತಂದು ಮನಿಗಿ ಹಾಕೀರಿ." ಮೂರನೆಯದು, ಮೊದಲಿನಿಂದ ಒಳಗಿದ್ದದ್ದು, ಅದೊಂದೇ ಖರೆ ಫುಕಟ್. ದಿನಾ ಒಂದು ಜಾಹೀರಾತು ತೋರಿಸುತ್ತದೆ, ದೊಡ್ಡದು ತಗೊಳ್ಳಿ ಅನ್ನುತ್ತದೆ. "ಮಿಠಾಯಿ ಅಂಗಡ್ಯಾಗ ರುಚಿಗಿ ಜಿಲೇಬಿ ತುಣುಕು ಕೊಡ್ತಾರಲ್ರಿ, ಹಂಗ. ನೂರು ಮಂದಿ ತಿಂದ್ರ ಯಾರೋ ಒಬ್ಬ ಕೊಳ್ತಾನ, ಅವ್ರ ಹೊಟ್ಟಿ ಅದರಾಗೇ ತುಂಬ್ತದ. ನೀವು ಜಾಹೀರಾತು ಮುಚ್ಚಿ ನಿಮ್ಮ ಕೆಲಸ ಮಾಡ್ರಿ."

"ಅದು ಒಳಗೇ ಇದ್ದಿದ್ರ ಜಡ್ಡು ಹ್ಯಾಂಗ ಬಂತ್ರಿ?" ಸೊಸೆ ಕೇಳಿದಳು.

"ನೀ ಅದಕ ಉಣ್ಣಾಕ ಹಾಕೀದೇನು ಬೇಟಿ? ದಿನಾ ಹೊಸ ಕಳ್ಳ ಹುಟ್ತಾನ. ಹೊಸ ಕಳ್ಳನ ಮುಖ ಅದಕ ತೋರಸಬೇಕು. ನೆಟ್ ಹಚ್ಚಿ ಅಪ್‌ಡೇಟ್ ಮಾಡಬೇಕು. ನಿನ್ನ ಚೌಕೀದಾರ ಕುರುಡಾಗಿ ಕೂತಾನ."

ಫುಕಟ್ ನಾಯಿಗೂ ರೊಟ್ಟಿ ಹಾಕಬೇಕು. ಇದು ನನಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಆದರೂ ಡಬ್ಬಿಯೊಳಗಿನದಕ್ಕೂ ಹಸಿವೆ ಇರುತ್ತದೆ ಎಂದು ನಮಗೆ ಹೊಳೆದಿರಲಿಲ್ಲ. ಹೊರಗಿನಿಂದ ತಂದವರ ಮರ್ಯಾದೆ ಕಾಯುವುದರಲ್ಲಿ ಮನೆಯಲ್ಲಿದ್ದದ್ದು ಉಪವಾಸ ಬಿದ್ದಿತ್ತು. ಇದು ಕಂಪ್ಯೂಟರಿನಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ. ಅಷ್ಟೇ ಹೇಳಿ ಬಿಡುತ್ತೇನೆ.

ಅಂಗಡಿಯವನು, "ಒಂದೇ ಇಟ್ಕೋರಿ. ಯಾವುದು ತಗೀಲಿ, ಯಾವುದು ಬಿಡ್ಲಿ?" ಎಂದು ಕೇಳಿದ. ಸೊಸೆಯ ಸಂಕಟ ನನಗೆ ಗೊತ್ತಿತ್ತು. ಒಂದು ಅವಳ ಅಪ್ಪನದು. ಇನ್ನೊಂದು, ನಾಳೆ ಪುಣೆಗೆ ಹೋಗಬೇಕಾಗಿ ಬಂದರೆ ಯಾರ ಖೋಲಿಯಲ್ಲಿ ಇರಬೇಕೋ ಅವನದು. ಕಡೆಗೆ ಅವಳು ಕೇಳಿದ್ದು ಬೇರೆಯೇ ಮಾತು: "ಇವುಗಳೊಳಗ ಯಾವುದು ನನ್ನ ಕನ್ನಡ ಪ್ರೋಗ್ರಾಮನ್ನ ಮುಟ್ಟಂಗಿಲ್ರಿ?"

ಅವನು ಹೊರಗಿನಿಂದ ತಂದ ಎರಡನ್ನೂ ತೆಗೆದು, ಕೂಡಿಹಾಕಿದ್ದ ಕನ್ನಡವನ್ನು ಬಿಡಿಸಿ, ಹಳೆಯದಕ್ಕೆ ತನ್ನ ನೆಟ್ಟಿನಿಂದ ಉಣಿಸಿ ನೋಡಿದ. ಅದೂ ಕನ್ನಡವನ್ನು ಅನುಮಾನದಿಂದಲೇ ನೋಡಿತು, ಆದರೆ ಹಿಡಿಯುವ ಮುಂಚೆ ಕೇಳಿತು: ಇದು ನಿಮಗೆ ಗೊತ್ತಿದೆಯೇ? ಸೊಸೆ ಗೊತ್ತಿದೆ ಎಂದು ಒತ್ತಿದಳು. ಆಮೇಲೆ ಅದರ ತಂಟೆಗೆ ಹೋಗಲಿಲ್ಲ. ನನಗೆ ಅಷ್ಟು ಸಾಕಾಯಿತು. ಹೆಸರು ದೊಡ್ಡದೋ ಸಣ್ಣದೋ, ಮನೆಯವರು ಯಾರು ಎಂದು ಕೇಳಿ ತಿಳಿಯುವ ನಾಯಿಯನ್ನು ಸಾಕಬಹುದು. ಕೇಳದೆ ಕಚ್ಚುವುದನ್ನು ಎಷ್ಟೇ ದೂರದಿಂದ ತಂದರೂ ಕಟ್ಟಿಕೊಳ್ಳಬಾರದು.

"ಇದೇ ಇರಲಿ. ಬೀಗರಿಗಿ, ಅಳಿಯಗ ನಾ ಹೇಳ್ತೇನಿ," ಅಂದೆ.

ನೆಟ್ಟಿನ ಸಿಗ್ನಲ್ ನಮ್ಮ ಮನೆಯಲ್ಲಿ ಮಾಳಿಗೆಯ ಮೆಟ್ಟಿಲ ಮೇಲೆ ಮಾತ್ರ ಬರುತ್ತಿತ್ತು. ಸೊಸೆ ನೆಟ್ ಹಿಡಿಯುವ ಡಾಂಗಲಿಗೆ ಉದ್ದನೆಯ ವೈರು ಕಟ್ಟಿ, ಅದನ್ನು ಮೆಟ್ಟಿಲಲ್ಲಿ ಒಂದು ಚರಿಗೆಯ ಮೇಲೆ ಇಟ್ಟು, ಬಿಸಿಲು ಏರುವ ಮೊದಲೇ ಕಾವಲುಗಾರನಿಗೆ ಉಣಿಸುವಳು. ಆಮೇಲೆ ಕೆಲಸ. ಏಳನೆಯ ತರಗತಿ ಮುಗಿಯಿತು, ಎಂಟು ಮುಗಿಯಿತು. ಗಣಿತದ ಪತ್ರಿಕೆಯಲ್ಲಿ ತ್ರಿಕೋಣ ಕೂರಲೊಲ್ಲದೆ ಇಡೀ ದಿನ ಹೋಯಿತು. ಹೇಳಿದ ದಿನಕ್ಕೆ ಎಲ್ಲ ಪತ್ರಿಕೆಗಳನ್ನೂ ಶಾಲೆಗೆ ಮುಟ್ಟಿಸಿ ಬಂದಳು. ದೊಡ್ಡ ಬಾಯಿ ಕನ್ನಡಕ ಏರಿಸಿ ನೋಡಿ, ಒಂದು ಕಡೆ ಕೊಂಬು ತಪ್ಪಿದೆ ಎಂದು ತೋರಿಸಿದರಂತೆ. ಬೇರೆ ಏನೂ ಅನ್ನಲಿಲ್ಲವಂತೆ. ಅನ್ನದಿದ್ದರೆ ಸರಿ ಇದೆ ಎಂದರ್ಥ.

ಬೀಗರಿಗೆ ಹೇಳುವುದು ಸುಲಭವಾಯಿತು. "ನಿಮ್ಮ ಸಿಡಿದು ತಿಂಗಳ ಮುದತಿ ಮುಗೀತ್ರಿ," ಎಂದೆ ಫೋನಿನಲ್ಲಿ. "ಮುದತಿ ಮುಗಿದ ಮ್ಯಾಗ ಮಾಸ್ತರರೇ ಮನಿಗಿ ಹೋಗ್ತಾರ, ಸಿಡಿ ಏನ್ ಮಹಾ," ಎಂದು ನಕ್ಕರು.

ಅಳಿಯ ನಗಲಿಲ್ಲ.

"ನಾ ತಂದದ್ದೇ ಬ್ಯಾಡಾಯ್ತೇನ್ರಿ ಅತ್ತಿ? ನನ್ನ ಜಾಗಾ ಬ್ಯಾಡ, ನನ್ನ ಸಾಮಾನು ಬ್ಯಾಡ."

"ಜಾಗಾದ ಮಾತು ಬ್ಯಾರೆ. ಸಾಮಾನಿನ ಮಾತು ಹೇಳ್ತೇನಿ ಕೇಳ್ರಿ. ನಿಮ್ಮ ಗೇಟಿನ್ಯಾಗ ಯಾರೋ ಕೀಲಿ ಮುರದು ತಂದು ಕೊಟ್ರ ಅದನ್ನ ಬಾಗಲಕ ಹಾಕ್ತೀರೇನು?"

"ಅದು ಕಂಪನಿ ಅದರಿ."

"ಇದು ಮನಿ ಅದ. ಕಂಪನಿಗಿಂತ ಕಡಿಮಿ ಏನು?"

ಅವನು ಫೋನು ಇಟ್ಟ. ಆಮೇಲೆ ಮಗಳು ಮಾಡಿದಳು. "ಅವ್ವಾ, ಇಷ್ಟ ಖಡಕ್ ಮಾತಾಡಬೇಕಿತ್ತೇನು?" ಅಂದಳು. ಬೇಕಿತ್ತು ಅಂದೆ. ಮೆತ್ತಗೆ ಹೇಳಿದರೆ ಅವನು ಇನ್ನೊಂದು ತರುತ್ತಿದ್ದ.

ಪೆನ್‌ಡ್ರೈವಿನ ಕಾನೂನು ಹುಟ್ಟಿದ್ದು ಆಮೇಲೆ. ನಮ್ಮ ಮನೆಗಳಲ್ಲಿ ಬಂದವರ ಕಾಲಿಗೆ ಮೊದಲು ನೀರು ಕೊಡುತ್ತೇವೆ. ತೊಳೆದುಕೊಂಡು ಒಳಗೆ ಬಾ, ಆಮೇಲೆ ಮಾತು. ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡುವ ಆ ವರ್ಷಗಳಲ್ಲಿ ಓಣಿಯ ಬಹಳ ಮನೆಗಳಲ್ಲಿ ಅದು ನಿಂತಿತ್ತು. ನಾನು ನಿಲ್ಲಿಸಿರಲಿಲ್ಲ. ಕೊಡಪಾನ ಹೋಗಿ ತಂಬಿಗೆ ಆಗಿತ್ತು, ತಂಬಿಗೆ ಹೋಗಿ ಲೋಟ ಆಗಿತ್ತು, ಅಷ್ಟೇ. ಸೊಸೆ ಅದನ್ನು ನೋಡಿಯೇ ಹೇಳಿದಳೋ ಏನೋ: "ಅತ್ತಿ, ಇನ್ನ ಮ್ಯಾಗ ಪೆನ್‌ಡ್ರೈವಿನ ಕಾಲೂ ತೊಳಸೇ ಒಳಗ ಕರಕೋತೇನಿ." ಬಂದವರು ಕೊಟ್ಟದ್ದನ್ನು ಚುಚ್ಚುವಳು, ಆದರೆ ತೆರೆಯುವ ಮೊದಲು ಕಾವಲುಗಾರನಿಗೆ ತೋರಿಸುವಳು. ಅವನು ಮೂಲೆ ಮೂಲೆ ಹುಡುಕಿ ಹೂಂ ಅಂದ ಮೇಲೆಯೇ ತೆರೆಯುವುದು. ಅಷ್ಟು ಹೊತ್ತು ಬಂದವರು ಕಟ್ಟೆಯ ಮೇಲೆ ಕೂತು ನನ್ನ ಜೊತೆ ಮಾತಾಡಬೇಕು. ಕೆಲವರು ಸಿಡುಕಿದರು. "ನಾವೇನು ಕಳ್ಳರೇನ್ರಿ?" "ಕಾಲಿಗಿ ನೀರು ಕೊಟ್ರ ನೀನು ಹೊಲಸು ಅಂತ ಅರ್ಥ ಏನಪಾ? ದಾರಿ ಹೊಲಸು," ಅಂತಿದ್ದೆ.

ಕ್ರಿಸ್‌ಮಸ್ಸಿಗೆ ಅಳಿಯ ಮಗಳನ್ನು ಕರೆದುಕೊಂಡು ಬಂದ. ಅಂಗಳದಲ್ಲಿ ನಿಂತು ಲೋಟದ ನೀರಿನಲ್ಲಿ ಅಂಗಾಲಷ್ಟೇ ತೋಯಿಸಿಕೊಂಡ. ಚಹಾ ಕುಡಿದ. ಸೊಸೆಯ ಕಡೆ ನೋಡಲಿಲ್ಲ. ಮಗನ ಜೊತೆ ಮಾತ್ರ ಗೇಟಿನ ಕೆಲಸ ಇನ್ನೂ ಖಾಲಿ ಇದೆ, ಸಾಹೇಬರು ಕೇಳುತ್ತಿದ್ದಾರೆ ಎಂದು ಹೇಳಿದ. ಆಮೇಲೆ ಮೊಮ್ಮಗಳಿಗೆ ಅಲ್ಲಿನ ಫೋಟೋ ತೋರಿಸಬೇಕೆಂದು ಜೇಬಿನಿಂದ ಪೆನ್‌ಡ್ರೈವ್ ತೆಗೆದ. ಅಳಿಯನಿಗೆ ತಡೀರಿ ಅನ್ನುವುದು ಹೇಗೆ? ಮಗ ಹೆಂಡತಿಗೆ ಕಣ್ಣಲ್ಲೇ ಬಿಡು ಎಂದ.

ಅವಳು ಬಿಡಲಿಲ್ಲ. ತಲೆಯ ಸೆರಗು ಸರಿಮಾಡಿಕೊಂಡು, "ಅಣ್ಣಾರ, ಒಂದು ಘಳಿಗಿ ತಡೀರಿ. ಇದಕ ಕಾಲಿಗಿ ನೀರು ಕೊಟ್ಟಿಲ್ಲ," ಎಂದಳು.

ಅವನ ಮುಖ ಬಿಗಿಯಿತು. ಪರದೆಯ ಮೇಲೆ ಹಸಿರು ಪಟ್ಟಿ ನಿಧಾನ ತೆವಳಿತು, ನಡುವೆ ನಿಂತಿತು, ಕೆಂಪಾಯಿತು. ಸಿಕ್ಕಿತ್ತು, ಅದೇ ಬಾಣದ ಜಡ್ಡು. ಸೊಸೆ ಅದನ್ನು ಒರೆಸಿ ಹಾಕಿ, ಫೋಟೋ ತೆರೆದಳು. ಕಂಪನಿಯ ಗೇಟು, ಅದರ ಮುಂದೆ ಟೋಪಿ ಹಾಕಿ ಎದೆ ಸೆಟೆಸಿ ನಿಂತ ಅವನು. ಅವನು ಆ ಫೋಟೋದ ಕಡೆಯೇ ನೋಡುತ್ತ ಮಾತು ತೆಗೆದ.

"ನಾ ಭೀ ಅಲ್ಲಿ ಸಾಹೇಬನ ಮಾವ ಬಂದ್ರೂ ಚೀಲ ತಗಸೇ ಒಳಗ ಬಿಡ್ತೇನಿ. ಒಮ್ಮೆ ಬೈಸ್ಕೊಂಡೇನಿ ಭೀ."

"ಮತ್ತ?" ಅಂದೆ.

"ಮತ್ತೇನ್ರಿ, ಅದೇ." ಇಷ್ಟು ಹೇಳಿ ಮೊಮ್ಮಗಳಿಗೆ ಫೋಟೋ ತೋರಿಸತೊಡಗಿದ. ಸಿಟ್ಟು ಪೂರಾ ಹೋಗಿರಲಿಲ್ಲ. ಊಟಕ್ಕೆ ಕೂತಾಗ ಸೊಸೆ ಬಡಿಸಿದ ಹುಗ್ಗಿಯನ್ನು ಎರಡನೆಯ ಸಲ ಹಾಕಿಸಿಕೊಂಡ. ನಮ್ಮಲ್ಲಿ ಅಷ್ಟಾದರೆ ಆಯಿತು. ಹೋಗುವಾಗ ಬಾಗಿಲ ಹತ್ತಿರವೇ ಇದ್ದ ಟ್ರಂಕಿನ ಮಾತು ತೆಗೆಯಲಿಲ್ಲ.

ಫುಕಟ್ ಆಂಟಿವೈರಸ್ಸಿನಿಂದ ನಾವು ಊರಲ್ಲಿ ಉಳಿದೆವು ಎಂದು ಹೇಳಿದರೆ ಸುಳ್ಳಾಗುತ್ತದೆ. ವಾರ್ಷಿಕ ಪರೀಕ್ಷೆಯ ಪತ್ರಿಕೆಗಳೂ ಸೊಸೆಗೇ ಬಂದವು, ಇನ್ನೊಂದು ಶಾಲೆಯದೂ ಬಂತು. ಆದರೂ ಆ ಬೇಸಿಗೆ ಮಗ ಹೈದರಾಬಾದಿಗೆ ದುಡಿಯಲು ಹೋದ. ಬಾವಿ ತಳ ಕಂಡಿತ್ತು, ಹೊಲದಲ್ಲಿ ಅವನಿಗೆ ಮಾಡುವುದೇನೂ ಇರಲಿಲ್ಲ. ಹೋದದ್ದು ಒಬ್ಬನೇ. ಹೋಗುವ ಮುಂಚೆ ಸೊಸೆ ಅವನಿಗೂ ಒಂದು ಬಯೋಡಾಟಾ ಮಾಡಿದಳು. ಹಾಬಿ ಏನು ಹಾಕಲಿ ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಆ ಜಾಗ ಖಾಲಿ ಬಿಟ್ಟಳು. ಟ್ರಂಕನ್ನು ನಾನೇ ಮತ್ತೆ ಅಟ್ಟಕ್ಕೆ ಹತ್ತಿಸಿದೆ. ಒಬ್ಬನಿಗೆ ಟ್ರಂಕು ಯಾಕೆ, ಒಂದು ಚೀಲ ಸಾಕು.

ಮೊದಲ ಮಳೆ ಬಿದ್ದ ವಾರ ಮಗ ತಿರುಗಿ ಬಂದ. ಬಾಗಿಲಲ್ಲಿ ಚೀಲ ಇಳಿಸಿದಾಗ ಅವನ ಕೀಲಿಕೈ ಗೊಂಚಲಿನಲ್ಲಿ ಒಂದು ಪೆನ್‌ಡ್ರೈವ್ ತೂಗುತ್ತಿತ್ತು. ಸೊಸೆ ಕೈ ಚಾಚಿದಳು. ಅವನು ಬಿಚ್ಚಿ ಕೊಟ್ಟ. ಅವಳು ಅದನ್ನು ತೆಗೆದುಕೊಂಡು ಒಳಗೆ ಹೋದಳು. ನಾನು ಆ ವರ್ಷ ಮೊದಲ ಸಲ ತುಂಬಿದ ತಂಬಿಗೆ ಅವನ ಮುಂದೆ ಇಟ್ಟೆ. ಅವನು ಹಿಮ್ಮಡಿ ತಿಕ್ಕಿ ತಿಕ್ಕಿ ತೊಳೆದುಕೊಂಡ. ಒಳಗಿನಿಂದ ಸೊಸೆ, "ಆತ್ರಿ ಅತ್ತಿ, ಏನೂ ಇಲ್ಲ," ಎಂದು ಕೂಗಿ ಹೇಳಿದ ಮೇಲೆ ಒಲೆಯ ಮೇಲೆ ರೊಟ್ಟಿಯ ಹಂಚು ಇಟ್ಟೆ.